ಬಾಯಿ ಮುಚ್ಚಿಕೊಂಡು ಐದು ಕಿಲೋಮೀಟರ್

ಮೂವತ್ತೆರಡು ವರ್ಷ ನಾನು ಕುಮಟಾ–ಭಟ್ಕಳ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುವುದು, ಅದೂ ಹೆಚ್ಚಿನ ದಿನ ನಿಂತುಕೊಂಡೇ. ಇಷ್ಟು ದೂರ ಹೋಗಿ ಬಂದವನ ಕಾಲು ಕಬ್ಬಿಣವಾಗಿರುತ್ತದೆ ಎಂದು ನಾನು ನಂಬಿದ್ದೆ, ಊರಿನವರಿಗೂ ನಂಬಿಸಿದ್ದೆ. ನಿವೃತ್ತಿಯಾಗಿ ಎರಡು ತಿಂಗಳಲ್ಲಿ, ಹೊಳನಗದ್ದೆಯ ನಮ್ಮ ಮನೆಯಿಂದ ಗಿರಣಿಯವರೆಗೆ ಅಕ್ಕಿ ಚೀಲ ಹಿಡಿದು ನಡೆದ ದಿನ ನಿಜ ಗೊತ್ತಾಯಿತು. ಅಷ್ಟು ವರ್ಷ ಓಡಿದ್ದು ಬಸ್ಸು. ನಾನು ಬರೀ ಕೂಗಿದ್ದು.

ಕೂಗುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಆ ರಸ್ತೆಯಲ್ಲಿ ಇರಲಿಲ್ಲ. ಇದು ಜಂಭವಲ್ಲ, ಡಿಪೊದಲ್ಲಿ ಯಾರನ್ನು ಬೇಕಾದರೂ ಕೇಳಿ. ಕುಮಟಾ ಸ್ಟ್ಯಾಂಡಿನಲ್ಲಿ ನಿಂತು “ಧಾರೇಶ್ವರ, ಹಳದೀಪುರ, ಕರ್ಕಿ, ಹೊನ್ನಾವರ, ಕಾಸರಕೋಡ, ಮಂಕಿ, ಮುರ್ಡೇಶ್ವರ, ಶಿರಾಲಿ, ಭಟ್ಕಳ್ ಭಟ್ಕಳ್ ಭಟ್ಕಳ್” ಎಂದು ಒಂದೇ ಉಸಿರಿಗೆ ಬಿಟ್ಟರೆ, ಬೇರೆ ಊರಿಗೆ ಹೊರಟವರೂ ಒಮ್ಮೆ ಚೀಲ ಎತ್ತಿಕೊಳ್ಳುತ್ತಿದ್ದರು. ಬಸ್ ತುಂಬಿದಾಗ “ಮುಂದೆ ಹೋಗಿ, ಮುಖಾರ ವಚ್ಚಾ, ಆಗೇ ಚಲೋ” ಎಂದು ಮೂರು ಭಾಷೆಯಲ್ಲಿ ತಳ್ಳುತ್ತಿದ್ದೆ. ಮನೆಗೆ ಬಂದ ಮೇಲೂ ಬಾಯಿ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಆದದ್ದನ್ನೆಲ್ಲ ಹೆಂಡತಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಹೀಗಿದ್ದವನು ಓಡಲು ಹೊರಟದ್ದು ಸೊಸೆಗಾಗಿ. ಸೊಸೆ ಭಟ್ಕಳ ಬಂದರಿನ ಮೀನು ವ್ಯಾಪಾರಸ್ಥರ ಮನೆಯ ಹುಡುಗಿ. ಕಾಲೇಜಿನಲ್ಲಿದ್ದಾಗ ದೂರದ ಓಟದಲ್ಲಿ ಹೆಸರು ಮಾಡಿದವಳು, ವ್ಯಾಯಾಮ ಶಿಕ್ಷಣ ಓದಿದವಳು. ನನ್ನ ಮಗ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಮದುವೆಯಾಗಿ ಬಂದು ಎಂಟು ತಿಂಗಳಾದರೂ ಈ ಹುಡುಗಿ ನನ್ನೊಡನೆ ಆಡಿದ ಮಾತು ಎರಡೇ: “ಮಾವ, ಚಾ ಇಟ್ಟಿದ್ದೆ” ಮತ್ತು “ಮಾವ, ಊಟಕ್ಕೆ ಬನ್ನಿ.” ಅವಳಿಗೊಂದು ಆಸೆ ಇತ್ತು. ಜೀವಮಾನದಲ್ಲಿ ಒಮ್ಮೆಯೂ ಓಡದ, ನಲವತ್ತು ದಾಟಿದ ಹೆಂಗಸರಿಗೆ ಬೆಳಿಗ್ಗೆ ಓಟದ ಕ್ಲಾಸು ಶುರುಮಾಡಬೇಕು ಎಂದು. ನಮ್ಮ ಕೇರಿಯ ನಾಲ್ವರನ್ನು ಮನೆಗೆ ಕರೆದು ಚಾ ಕೊಟ್ಟು ವಿಷಯ ಎತ್ತಿದಳು. ಒಬ್ಬರು ಅಂಗನವಾಡಿ ಟೀಚರು, ಒಬ್ಬರು ಮೀನು ಮಾರುವವರು, ಇನ್ನಿಬ್ಬರು ಗಿರಣಿ ಮನೆಯ ಅಕ್ಕತಂಗಿಯರು.

“ನಲವತ್ತು ದಾಟ್ದವ್ರಿಗೆ ಓಡುಕೆ ಆಗ್ತದಾ? ಮೊದ್ಲು ಯಾರಾದ್ರೂ ಓಡಿ ತೋರ್ಸ್ಲಿ” ಎಂದರು ಟೀಚರು.

ನಾನು ಜಗಲಿಯ ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದೆ. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿತ್ತು. ಐದೂ ಜನರ ಕಣ್ಣು ಒಟ್ಟಿಗೆ ನನ್ನ ಹೊಟ್ಟೆಯ ಮೇಲೆ ಬಿತ್ತು.

“ನಿನ್ನ ಮಾವನ್ನೇ ಓಡ್ಸು” ಎಂದಳು ಮೀನು ಮಾರುವವಳು. “ಆ ಹೊಟ್ಟೆ ಓಡಿದ್ರೆ ನಾವೂ ಓಡ್ತೇವು. ಆತಾ?”

ನಕ್ಕು ಚಾ ಮುಗಿಸಿ ಎದ್ದು ಹೋದರು. ಆದರೆ ಒಳಗಿಂದ ಕೇಳಿಸಿಕೊಂಡ ನನ್ನ ಹೆಂಡತಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಈ ಓಟದ ಕ್ಲಾಸು ಮೊದಲಿನಿಂದಲೂ ಸರಿಬಂದಿರಲಿಲ್ಲ. ಊರಿನ ಸಹಕಾರಿ ಸೊಸೈಟಿಯಲ್ಲಿ ಒಂದು ಗುಮಾಸ್ತೆ ಕೆಲಸ ಖಾಲಿಯಾಗಿತ್ತು, ಸೊಸೆ ಅಲ್ಲಿ ಕುರ್ಚಿಯ ಮೇಲೆ ನೆರಳಿನಲ್ಲಿ ಕೂರಬೇಕು ಎಂಬುದು ಅವಳ ಆಸೆ. “ಆರು ವಾರ ಕೊಡ್ತೆ” ಎಂದಳು. “ಇವ್ರು ನಿಲ್ಲದೆ, ನಡೀದೆ ಐದು ಕಿಲೋಮೀಟರ್ ಓಡಿದ್ರೆ ನಿನ್ನ ಕ್ಲಾಸು ನೀನು ಮಾಡು, ನಾನು ಅಡ್ಡ ಬರೂದಿಲ್ಲ. ಇಲ್ದೆ ಇದ್ರೆ ಸೊಸೈಟಿಗೆ ಅರ್ಜಿ ಹಾಕು. ಮತ್ತೆ ಈ ಸುದ್ದಿ ಎತ್ತುಕಿಲ್ಲ.”

ಸೊಸೆ ನನ್ನ ಮುಖ ನೋಡಿದಳು. ಬೇಡ ಎನ್ನಬಹುದಿತ್ತು. ಆದರೆ ನಿನ್ನಿಂದ ಆಗುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. “ಐದಲ್ಲ, ಹತ್ತು ಓಡ್ತೆ” ಎಂದುಬಿಟ್ಟೆ. ಆಮೇಲೆ ಐದಕ್ಕೇ ಇಳಿಸಿಕೊಂಡೆ.

ಡಾಕ್ಟರು ಎದೆ, ಬಿ.ಪಿ., ಸಕ್ಕರೆ ಎಲ್ಲ ನೋಡಿ ಓಡಬಹುದು ಎಂದರು. ಕುಮಟೆಯ ಚಪ್ಪಲಿ ಅಂಗಡಿಯಲ್ಲಿ ಓಟದ ಬೂಟು ಕೇಳಿದಾಗ ಅಂಗಡಿಯವನು “ಮಗನ ಕಾಲಿನ ಅಳತೆ ಎಷ್ಟು?” ಎಂದ. ನನಗೇ ಎಂದೆ. ಅವನು ನಗು ತಡೆದುಕೊಳ್ಳಲು ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬೂಟು ತಂದ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಗದ್ದೆ ಬಯಲಿನ ರಸ್ತೆಯಲ್ಲಿ ನಾವಿಬ್ಬರೂ ನಿಂತೆವು. ಮನೆಯಲ್ಲಿ ತಲೆ ತಗ್ಗಿಸಿ ಚಾ ಕೊಡುವ ಹುಡುಗಿ ಇವಳೇ ಹೌದೋ ಅಲ್ಲವೋ ಎಂದು ನನಗೆ ಅನುಮಾನ ಬಂತು. ಟೊಪ್ಪಿ, ಕೈಯಲ್ಲಿ ಗಡಿಯಾರ, ಬಗಲಲ್ಲಿ ಪಟ್ಟಿ ಪುಸ್ತಕ, ಕೊರಳಲ್ಲಿ ಸೀಟಿ. “ಮಾವ, ಒಂದು ನಿಮಿಷ ಓಡೂದು, ಎರಡು ನಿಮಿಷ ನಡಿಯೂದು. ಎಂಟು ಸಲ. ನಾನು ಹೇಳ್ದಷ್ಟೇ, ಹೆಚ್ಚು ಬೇಡ” ಎಂದು ಹೇಳಿ, ಉದ್ದಕ್ಕೆ ಒಂದು ಸೀಟಿ ಊದಿದಳು.

ನಾನು ನಿಂತೇ ಇದ್ದೆ.

“ಹೋಗಿ ಮಾವ.”

ಹೋದೆ. ಒಂದು ನಿಮಿಷಕ್ಕೆ ಹಿಂದಿನಿಂದ ಎರಡು ಸೀಟಿ ಬಂತು. ನಡೆಯಬೇಕೆಂದು ಅದರ ಅರ್ಥವಂತೆ. ನಾನು ಇನ್ನೂ ಜೋರಾಗಿ ಓಡಿದೆ. ಅವಳು ಕೂಗುತ್ತಾ ಹಿಂದೆ ಓಡಿ ಬಂದಳು. ತಪ್ಪು ನನ್ನದಲ್ಲ. ಒಂದು ಸೀಟಿ ಊದಿದರೆ ಬಸ್ ನಿಲ್ಲುತ್ತದೆ, ಎರಡು ಊದಿದರೆ ಹೊರಡುತ್ತದೆ. ಮೂವತ್ತೆರಡು ವರ್ಷ ಕಿವಿಗೆ ಕಲಿಸಿದ್ದನ್ನು ಒಂದು ಬೆಳಿಗ್ಗೆ ಬದಲಿಸಲು ಆಗುತ್ತದೆಯೇ? ಕೊನೆಗೆ ಸೊಸೆಯೇ ಸೋತು ನನ್ನ ಲೆಕ್ಕಕ್ಕೆ ಬಂದಳು.

ಒಂದು ನಿಮಿಷ ಎಷ್ಟು ಉದ್ದ ಇರುತ್ತದೆ ಎಂದು ಆ ವಾರ ತಿಳಿಯಿತು. ಬಸ್ಸಿನಲ್ಲಿ ಪ್ರಯಾಣಿಕರು ಒಂದು ನಿಮಿಷ ನಿಲ್ಲಿಸಿ ಎಂದರೆ ನಾನು ಎಷ್ಟು ಹಾರಾಡುತ್ತಿದ್ದೆ ಎಂಬುದು ನೆನಪಾಗಿ ನಾಚಿಕೆಯೂ ಆಯಿತು. ಮಂಡಿ ಕಿರ್ ಎನ್ನುತ್ತಿತ್ತು. ಹೊಟ್ಟೆ ನನ್ನ ಜೊತೆ ಬರಲು ಒಪ್ಪದೆ ತನ್ನಷ್ಟಕ್ಕೆ ಬೇರೆ ತಾಳದಲ್ಲಿ ಕುಣಿಯುತ್ತಿತ್ತು. ಊರಿನ ಬಸ್ ತಂಗುದಾಣ ಬಂದಾಗಲೆಲ್ಲ ಕಾಲು ತಾನಾಗಿಯೇ ನಿಧಾನವಾಗಿ ಎಡಕ್ಕೆ ಸರಿಯುತ್ತಿತ್ತು. ಅಲ್ಲಿ ಕೂತವರು “ಎಂತ ಆತ್ರಿ, ನಾಯಿ ಅಟ್ಟಿಸ್ಕೊಂಡು ಬಂತಾ?” ಎಂದು ಕೇಳುತ್ತಿದ್ದರು. ದಿನಕ್ಕೆ ಇಬ್ಬರಾದರೂ ಸ್ಕೂಟರ್ ನಿಲ್ಲಿಸಿ ಹಿಂದೆ ಕೂರಿ ಎನ್ನುತ್ತಿದ್ದರು. ಕೂರಬೇಕೆಂದು ನನಗೂ ಬಹಳ ಅನಿಸುತ್ತಿತ್ತು.

ಎರಡನೆಯ ವಾರದಲ್ಲಿ ಸೊಸೆ ಒಂದು ಪರೀಕ್ಷೆ ಹೇಳಿಕೊಟ್ಟಳು. “ಮಾವ, ಕೈಗೆ ಕಟ್ಟೂ ಯಂತ್ರ ಎಲ್ಲ ನಮ್ಗೆ ಬೇಡ. ಓಡ್ತಾ ಒಂದು ಪೂರ್ತಿ ಮಾತು ಹೇಳುಕೆ ಬರ್ಬೇಕು. ಬಂದ್ರೆ ವೇಗ ಸರಿ ಇದ್ದು ಅಂತ ಲೆಕ್ಕ. ಮಾತು ನಡುವೆ ತುಂಡಾದ್ರೆ ವೇಗ ಜಾಸ್ತಿ ಆತು, ನಿಧಾನ ಮಾಡ್ಬೇಕು.” ಅವಳ ಗುರುಗಳು ಕಲಿಸಿದ ಅಳತೆ ಅದು. ಎಲ್ಲ ಊರಲ್ಲೂ, ಎಲ್ಲರ ಮೇಲೂ ನಡೆಯುವ ಅಳತೆಯಂತೆ.

ನನಗೆ ಸ್ವರ್ಗ ಸಿಕ್ಕಿತು. ಓಡುವುದರ ಜೊತೆ ಮಾತಾಡಲು ಅಪ್ಪಣೆ! ಅವಳು ಮೋರಿಯ ಕಟ್ಟೆಯ ಮೇಲೆ ಪಟ್ಟಿ ಹಿಡಿದು ಕೂರುತ್ತಿದ್ದಳು, ನಾನು ಬಯಲಿನ ಉದ್ದಕ್ಕೂ ಕೂಗುತ್ತಾ ಹೋಗುತ್ತಿದ್ದೆ. ಧಾರೇಶ್ವರ, ಹಳದೀಪುರ, ಕರ್ಕಿ. ಗದ್ದೆಯಲ್ಲಿ ಬಗ್ಗಿದ್ದವರು ಎದ್ದು ನಿಲ್ಲುತ್ತಿದ್ದರು. ಒಂದು ದಿನ ತಂಗುದಾಣದಲ್ಲಿದ್ದ ಮುದುಕಿಯೊಬ್ಬಳು “ಹೊನ್ನಾವರ” ಎಂದು ಕೇಳಿದ್ದೇ ಚೀಲ ಹಿಡಿದು ರಸ್ತೆಗೆ ಬಂದಳು. ಬಸ್ ಎಲ್ಲಿ ಎಂದು ನನ್ನ ಹಿಂದೆ ನೋಡಿದಳು, ಬಸ್ ಇರಲಿಲ್ಲ, ನನಗೆ ಬೈದಳು. ಕಾಸರಕೋಡದ ನಂತರ ಅಪ್ಸರಕೊಂಡಕ್ಕೆ ಇಳಿಯುವವರು ಯಾರು ಎಂದೂ ಸೇರಿಸಿ ಕೂಗಿದೆ. ದನಿ ಒಂದಿಷ್ಟೂ ಒಡೆಯಲಿಲ್ಲ. ಸ್ವಲ್ಪ ವೇಗ ಹೆಚ್ಚಿಸಿದೆ, ಆಗಲೂ ಒಡೆಯಲಿಲ್ಲ. ಇನ್ನೂ ಹೆಚ್ಚಿಸಿದೆ. ಮೋರಿಯ ಮೇಲಿನಿಂದ ನನ್ನ ದನಿ ಕೇಳಿದ ಸೊಸೆ ಪಟ್ಟಿಯಲ್ಲಿ ‘ಸರಾಗ’ ಎಂದು ಬರೆದಳು. ಮೂರನೆಯ ವಾರಕ್ಕೆ ಹತ್ತು ನಿಮಿಷ ನಿಲ್ಲದೆ ಓಡುವುದನ್ನು ಕೊಟ್ಟಳು.

ಬೇರೆ ಸೂಚನೆಗಳು ಇರಲಿಲ್ಲ ಎಂದಲ್ಲ. ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದೆ. ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗಿತ್ತು. ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಯ ಮೇಲೆ ರೇಗಿದೆ, ಅವಳು ರುಚಿ ನೋಡಿ ಸರಿ ಇದೆ ಎಂದಳು, ಅದಕ್ಕೂ ರೇಗಿದೆ. ಓಡುವಾಗ ಎದೆ ಕಿವಿಯಲ್ಲೇ ಬಡಿಯುತ್ತಿತ್ತು. ಆದರೆ ದನಿ ಸರಿ ಇದೆಯಲ್ಲ, ಮತ್ತೇನು? ಹಾರ್ನ್ ಚೆನ್ನಾಗಿದೆ ಎಂದು ಬ್ರೇಕ್ ನೋಡದೆ ಬಸ್ ಬಿಟ್ಟ ಹಾಗಾಯಿತು ನನ್ನ ಕಥೆ.

ಮೂರನೆಯ ವಾರದ ಶನಿವಾರ ಮಂಕಿ, ಮುರ್ಡೇಶ್ವರ ಚೆನ್ನಾಗಿಯೇ ಬಂದವು. ಶಿರಾಲಿಯೂ ಬಂತು. ಅದರ ಮೇಲೆ ಭಟ್ಕಳ ಬರಲಿಲ್ಲ. ಕಣ್ಣು ಬಿಟ್ಟಾಗ ಗದ್ದೆಯ ಅಂಚಿನಲ್ಲಿ ಬಿದ್ದಿದ್ದೆ. ಮುಖದ ಮೇಲೆ ನೀರು. ಅಂಗನವಾಡಿಗೆ ಹೊರಟಿದ್ದ ಟೀಚರು ನನ್ನ ತಲೆ ಎತ್ತಿ ಹಿಡಿದಿದ್ದರು. ಸೊಸೆ ಬೂಟು ಬಿಚ್ಚುತ್ತಿದ್ದಳು.

ಡಾಕ್ಟರು ಮತ್ತೊಮ್ಮೆ ಎಲ್ಲ ನೋಡಿದರು. ಎದೆಗೆ ಏನೂ ಆಗಿಲ್ಲ, ಮೈಗೆ ಆಗುವುದಕ್ಕಿಂತ ಹೆಚ್ಚು ಓಡಿದ್ದೀರಿ, ಒಂದು ವಾರ ಸುಮ್ಮನೆ ಕೂರಿ ಎಂದರು. ಎರಡೂ ಮೊಣಕಾಲಿನ ಕೆಳಗೆ ಮುಟ್ಟಿದರೆ ಜೀವ ಹೋಗುವಷ್ಟು ನೋವಿತ್ತು.

ಮನೆಯಲ್ಲಿ ಹೆಂಡತಿ ಸೊಸೆಗೆ ಬೈದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಗ ಇಬ್ಬರ ನಡುವೆ ಬಾಯಿ ಬಿಡದೆ ಕಂಬ ಹತ್ತಲು ಹೋದ. ಸಂಜೆ ಸೊಸೆ ನನಗೆ ಗಂಜಿ ತಂದಿಟ್ಟು ಬಾಗಿಲ ಹತ್ತಿರ ನಿಂತಳು. “ಮಾವ, ನಾನು ಕಲ್ಸುಕೆ ಲಾಯಕ್ಕಿಲ್ಲ. ನಿಮ್ಮ ಮಾತು ಒಂದು ಕಡೆನೂ ತುಂಡಾಗ್ಲಿಲ್ಲ. ನಾನು ಕೂತು ಕೇಳ್ತಾ ಇದ್ದೆ. ಎದುರಿಗೇ ಇದ್ದವ್ರು ಬೀಳೂ ತನಕ ಗೊತ್ತಾಗ್ಲಿಲ್ಲ ಅಂದ್ರೆ ನಾಳೆ ಬೇರೆಯವ್ರ ಜೀವ ನನ್ನ ಕೈಗೆ ಕೊಡೂದು ಹೇಗೆ?” ಎಂದಳು. ಮರುದಿನ ಮೇಜಿನ ಮೇಲೆ ಸೊಸೈಟಿಯ ಅರ್ಜಿ ಕಂಡಿತು. ಅರ್ಧ ತುಂಬಿಯಾಗಿತ್ತು.

ಆ ಅರ್ಜಿ ನೋಡಿ ನನಗೆ ಆದಷ್ಟು ಸಂಕಟ ಕಾಲಿನ ನೋವಿನಿಂದಲೂ ಆಗಿರಲಿಲ್ಲ. ಬಿದ್ದದ್ದು ನಾನು, ಎದ್ದೂ ಆಗಿತ್ತು. ಆದರೆ ಅವಳು ತಾನು ಕಲಿತದ್ದೇ ಸುಳ್ಳು ಎಂದುಕೊಂಡಿದ್ದಳು. ನನ್ನ ಹುಂಬತನಕ್ಕೆ ಅವಳು ದಂಡ ತೆರುವುದು ಬೇಡವಾಗಿತ್ತು. ಏನಾದರೂ ಹೇಳೋಣವೆಂದರೆ, ಏನು ತಪ್ಪಾಯಿತೆಂದು ನನಗೂ ಗೊತ್ತಿರಲಿಲ್ಲ.

ಮಂಗಳವಾರ ನನ್ನ ಹಳೆಯ ಡ್ರೈವರ್ ನನ್ನನ್ನು ನೋಡಲು ಬಂದ. ಹದಿನಾಲ್ಕು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಇದ್ದವರು. ನನ್ನ ಹೆಂಡತಿಗೆ ಭಟ್ಕಳ ಮಲ್ಲಿಗೆಯ ದಂಡೆ ತಂದಿದ್ದ, ನನಗೆ ಬರೀ ಬೈಗುಳ. ಮಾತು ಕೂಗುತ್ತಾ ಓಡುವ ಪರೀಕ್ಷೆಯನ್ನು ನಾನು ವಿವರಿಸಿದೆ. ಅವನು ಚಾ ಲೋಟ ಕೆಳಗಿಟ್ಟು ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಇವನ ಬಾಯಿ ನಂಬಿದ್ಯಾ ತಂಗಿ?” ಎಂದು ಸೊಸೆಯನ್ನು ಕರೆದ. “ಒಂದು ಸಲ ಬಸ್ ತುಂಬಿ ತುಳುಕ್ತಿತ್ತು. ಮಂಕಿಯಿಂದ ಮುರ್ಡೇಶ್ವರ ತನಕ ಇವ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗ್ತಾನೇ ಇದ್ದ. ದನಿ ಕೇಳಿ ನಾನು ಆರಾಮ ಬಸ್ ಬಿಡ್ತಾ ಇದ್ದೆ. ಶಿರಾಲಿಯಲ್ಲಿ ಬಾಗಿಲು ತೆಗ್ದ್ರೆ ಮೆಟ್ಲ ಮೇಲೆ ಕುಸಿದು ಕೂತಿದ್ದ. ಮೈ ಕೆಂಡ. ಬೆಳಿಗ್ಗೆಯಿಂದ ಜ್ವರ ಇತ್ತು. ಕೂತಲ್ಲೂ ಮುಂದೆ ಹೋಗಿ ಅಂತಿದ್ದ! ಇವನ ಗಂಟಲಿಗೂ ಮೈಗೂ ಸಂಬಂಧ ಇಲ್ಲ ತಂಗಿ. ನಿನ್ನ ಪರೀಕ್ಷೆ ತಪ್ಪಲ್ಲ. ಬೇರೆ ಯಾರಿಗಾದ್ರೂ ಹಿಡಿ, ಸರಿ ಬರ್ತದೆ.”

ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಹೊರಗೆ ಬಂದಳು. ಮೂರು ದಿನದಿಂದ ತಗ್ಗಿದ್ದ ತಲೆ ಮೇಲೆ ಬಂದಿತ್ತು. “ಮಾವ, ಏಳಿ. ಕಾಲು ತೀರಾ ನೋವಾದ್ರೆ ಹೇಳಿ” ಎಂದು ನನ್ನನ್ನು ಜಗಲಿಯ ಮೆಟ್ಟಿಲು ಹತ್ತಿಸಿ ಇಳಿಸಿದಳು, ಹತ್ತಿಸಿ ಇಳಿಸಿದಳು. ಸ್ಟಾಪುಗಳ ಹೆಸರು ಕೂಗಲು ಹೇಳಿದಳು. ನನ್ನ ಮಣಿಕಟ್ಟು ಅವಳ ಕೈಯಲ್ಲಿತ್ತು. ನಾನು ಧಾರೇಶ್ವರದಿಂದ ಹೊರಟು ಆರಾಮವಾಗಿ ಭಟ್ಕಳ ಮುಟ್ಟಿದೆ. ದನಿ ಮೊದಲಿನ ಹಾಗೇ ಇತ್ತು. ಅವಳು ಗಡಿಯಾರ ನೋಡಿ, ನಾಡಿ ಎಣಿಸಿ, ಇನ್ನೊಮ್ಮೆ ಎಣಿಸಿ, ಮೆಟ್ಟಿಲ ಮೇಲೆ ಕೂತು ಜೋರಾಗಿ ನಕ್ಕುಬಿಟ್ಟಳು. ನಾಡಿ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡುತ್ತಿತ್ತಂತೆ. ಅವಳು ನಮ್ಮ ಮನೆಯಲ್ಲಿ ಹಾಗೆ ನಕ್ಕದ್ದು ಅದೇ ಮೊದಲು.

ಹೆಂಡತಿ ಮಲ್ಲಿಗೆ ಮುಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. “ಆರು ವಾರ ಅಂದಿದ್ದೆ, ಆರೇ ವಾರ. ಒಂದು ದಿನ ಹೆಚ್ಚಿಲ್ಲ. ಇನ್ನೊಂದು ಸಲ ಬಿದ್ರೆ ಅಲ್ಲಿಗೇ ಮುಗೀತು” ಎಂದಳು. ಅದರಲ್ಲಿ ನಾಲ್ಕನೆಯದು ಸುಮ್ಮನೆ ಕೂರುವುದರಲ್ಲಿ ಹೋಯಿತು. ಉಳಿದದ್ದು ಎರಡು.

ಐದನೆಯ ವಾರದ ಮೊದಲ ಬೆಳಿಗ್ಗೆ ಸೊಸೆ ನನ್ನ ಮುಂದೆ ಒಂದು ಲೋಟ ನೀರು ಹಿಡಿದಳು. “ಒಂದು ಗುಟುಕು ಬಾಯಲ್ಲಿ ಇಟ್ಕೊಳಿ. ನುಂಗುಕಿಲ್ಲ, ಉಗುಳುಕಿಲ್ಲ. ಮೂಗಲ್ಲೇ ಉಸಿರಾಡ್ತಾ ಓಡ್ಬೇಕು. ಮೂಗಿಗೆ ಸಾಕಾಗ್ಲಿಲ್ಲ ಅಂದ್ರೆ ವೇಗ ಜಾಸ್ತಿ ಆತು ಅಂತ, ನಿಧಾನ ಮಾಡಿ. ವಾಪಸ್ ಬಂದು ಆ ನೀರು ನಂಗೆ ತೋರ್ಸಿ ಉಗೀಬೇಕು.”

ಮೊದಲ ದಿನ ಇನ್ನೂರು ಹೆಜ್ಜೆಗೆ ನೀರು ನುಂಗಿದೆ. ಉಸಿರು ಸಾಲದೆ ಅಲ್ಲ. ಎದುರಿಗೆ ಬಂದ ಗಿರಣಿಯವರು “ಹೋಯ್, ಆರಾಮಾ?” ಎಂದರು. ಒಬ್ಬ ಮನುಷ್ಯ ಆರಾಮಾ ಎಂದು ಕೇಳಿದಾಗ ಸುಮ್ಮನೆ ಹೋಗುವುದು ಹೇಗೆ? ನುಂಗಿ, ಆರಾಮ ಎಂದು ಹೇಳಿ, ಮನೆಗೆ ಹಿಂದಿರುಗಿ ಹೊಸ ಗುಟುಕು ತುಂಬಿಕೊಂಡು ಹೊರಟೆ. ಎರಡನೆಯ ಸಲ ಪೋಸ್ಟ್‌ಮನ್ ಸಿಕ್ಕ. ಮೂರನೆಯ ಸಲ ಯಾಣಕ್ಕೆ ಹೋಗುವ ದಾರಿ ಕೇಳಿ ಒಂದು ಕಾರು ನಿಂತಿತು. ದಾರಿ ಕೇಳಿದವರಿಗೆ ಕೈ ತೋರಿಸಿ ಸುಮ್ಮನಾಗುವವನಲ್ಲ ನಾನು. ಎಲ್ಲಿ ತಿರುಗಬೇಕು, ಎಲ್ಲಿ ಚಾ ಚೆನ್ನಾಗಿರುತ್ತದೆ, ಎಲ್ಲಿ ಹೊಂಡ ಇದೆ, ಎಲ್ಲವನ್ನೂ ಹೇಳಬೇಕು. ಆ ದಿನ ಐದು ಗುಟುಕು ಹೋಯಿತು. ಸೊಸೆ ಪಟ್ಟಿಯಲ್ಲಿ ‘ಓಟ: ಆರು ನಿಮಿಷ. ಮಾತು: ನಲವತ್ತು’ ಎಂದು ಬರೆದಳು.

ಮರುದಿನದಿಂದ ಹಟ ಹಿಡಿದೆ. ಯಾರು ಕರೆದರೂ ಬರೀ ತಲೆ ಆಡಿಸಿದೆ. ಕೆನ್ನೆ ಉಬ್ಬಿಸಿಕೊಂಡು ಓಡುವವನನ್ನು ಕಂಡು ಊರಿನವರು ಬಾಯಲ್ಲಿ ಕವಳ ಇದೆ ಎಂದುಕೊಂಡರು. ನಮ್ಮ ಕಡೆ ಎಲೆ ಅಡಿಕೆ ಬಾಯಲ್ಲಿದ್ದವನ ಮೌನವನ್ನು ಎಲ್ಲರೂ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತಾರೆ, ಆದ್ದರಿಂದ ಮೊದಲೆರಡು ದಿನ ತೊಂದರೆಯಾಗಲಿಲ್ಲ. ಮೂರನೆಯ ದಿನ ಒಬ್ಬರು ನನ್ನ ಹೆಂಡತಿಗೆ “ನಿಮ್ಮ ಯಜಮಾನ್ರು ಕವಳ ಹಾಕೂದು ಬಹಳ ಜಾಸ್ತಿ ಆತು, ಹಲ್ಲು ಹೋಗ್ತದೆ” ಎಂದು ಬುದ್ಧಿ ಹೇಳಿ ಹೋದರು. ಇನ್ನೊಬ್ಬರು ಬಂದು “ನಮ್ಮ ಮೇಲೆ ಎಂತಕ್ಕೆ ಸಿಟ್ಟು?” ಎಂದು ವಿಚಾರಿಸಿದರು. ಹೆಂಡತಿಗೆ ಎಲ್ಲರಿಗೂ ಉತ್ತರ ಕೊಟ್ಟು ಸಾಕಾಯಿತು.

ಬಾಯಿ ಮುಚ್ಚಿದಾಗ ಓಟ ಎಷ್ಟು ನಿಧಾನವಾಯಿತು ಎಂದರೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ನನ್ನನ್ನು ದಾಟಿ ಹೋದಳು. ನನಗೆ ಅವಮಾನ ಅನಿಸಿತು. ಸೊಸೆ “ಅದೇ ನಿಮ್ಮ ವೇಗ ಮಾವ, ಅವ್ರು ಹೋಗ್ಲಿ ಬಿಡಿ” ಎಂದಳು. ಆದರೆ ಆ ವೇಗದಲ್ಲಿ ಹದಿನೈದು ನಿಮಿಷ ಹೋದೆ. ಆಮೇಲೆ ಇಪ್ಪತ್ತೈದು. ಆರನೆಯ ವಾರದಲ್ಲಿ ಮೂವತ್ತೈದು. ಮಧ್ಯಾಹ್ನ ತೂಕಡಿಕೆ ಹೋಯಿತು, ಸಾರಿನಲ್ಲಿ ಉಪ್ಪು ಸರಿಯಾಯಿತು. ಮೂವತ್ತೆರಡು ವರ್ಷ ನನ್ನ ದನಿಯನ್ನೇ ಕೇಳಿಕೊಂಡು ಬದುಕಿದವನಿಗೆ ಬೆಳಿಗ್ಗೆ ಎಷ್ಟು ಹಕ್ಕಿ ಕೂಗುತ್ತವೆ ಎಂಬುದೂ ಗೊತ್ತಾಯಿತು. ನನಗೆ ಓಡುವುದು ಇಷ್ಟವಾಗತೊಡಗಿತ್ತು. ಯಾರ ಹತ್ತಿರವೂ ಹೇಳಲಿಲ್ಲ, ಬಾಯಲ್ಲಿ ನೀರಿತ್ತು.

ಕೊನೆಯ ಭಾನುವಾರ ಬಂತು. ಮನೆಯಿಂದ ಕಡಲಿನ ಕಡೆ ಗಾಳಿಮರಗಳ ತನಕ ಎರಡೂವರೆ, ವಾಪಸ್ ಎರಡೂವರೆ. ನಾನು ಬಿದ್ದದ್ದು ಟೀಚರ ಕಣ್ಣೆದುರೇ ಆದ್ದರಿಂದ ಕೇರಿಗೆಲ್ಲ ಸುದ್ದಿಯಾಗಿತ್ತು. ಆ ನಾಲ್ವರು ಹೆಂಗಸರೂ ಕೊನೆಯ ಒಂದು ಕಿಲೋಮೀಟರ್ ಇರುವ ಮೋರಿಯ ಹತ್ತಿರ ಬಂದು ಕೂತಿದ್ದರು. ನನ್ನ ಹೆಂಡತಿ ಬೆಲ್ಲದ ಪಾನಕದ ಬಾಟಲಿ ಹಿಡಿದು ಅವರ ಜೊತೆ ನಿಂತಿದ್ದಳು. ಬಿದ್ದರೆ ಎತ್ತಲು ಬಂದವಳು ಅವಳು, ಅದು ನನಗೆ ಗೊತ್ತಿತ್ತು. ಸೊಸೆಯ ಮುಖದಲ್ಲಿ ರಕ್ತ ಇರಲಿಲ್ಲ. ಅರ್ಜಿಗೆ ಸೋಮವಾರ ಕೊನೆಯ ದಿನವಾಗಿತ್ತು.

ಹೋಗುವಾಗ ಏನೂ ಆಗಲಿಲ್ಲ. ತಿರುಗಿ ಬರುವಾಗ ಮೂರನೆಯ ಕಿಲೋಮೀಟರಿನಲ್ಲಿ ಎಡಗಾಲು ಭಾರವಾಯಿತು. ಮೂಗಿನ ಉಸಿರು ಸಾಲದಾಯಿತು. ಒಂದೇ ಒಂದು ಸಲ ನಡೆದರೆ ಯಾರಿಗೂ ಕಾಣುವುದಿಲ್ಲ, ಗಾಳಿಮರ ಅಡ್ಡ ಇದೆ ಎನಿಸಿತು. ನಡೆಯಲಿಲ್ಲ. ಇನ್ನೂ ನಿಧಾನ ಮಾಡಿದೆ. ಮೋರಿ ಕಂಡಾಗ ನನ್ನ ಓಟ ಓಟವೋ ಅಲ್ಲವೋ ಎಂದು ನೋಡುವವರಿಗೆ ಅನುಮಾನ ಬರುವ ಹಾಗಿತ್ತು.

“ಇದಾ ಓಟ? ನಮ್ಮನೆ ದನ ಇದಕ್ಕಿಂತ ಜೋರು ಬರ್ತದೆ!” ಎಂದಳು ಮೀನು ಮಾರುವವಳು. ನಾಲ್ವರೂ ನಕ್ಕರು. ನಾನು ಅವರನ್ನು ದಾಟಿದೆ. ನನ್ನನ್ನು ಬಿಟ್ಟು ಕಳಿಸಿದ್ದರೆ ನಗು ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಅವರ ಗೇಲಿ ಇನ್ನೂ ಅರ್ಧದಲ್ಲಿತ್ತು, ಆದ್ದರಿಂದ ಎದ್ದು ನನ್ನ ಪಕ್ಕದಲ್ಲೇ ಬಂದರು. ಮೊದಲು ನಡೆದರು. ಬಿರುಸಾಗಿ ನಡೆಯುವುದಕ್ಕಿಂತ ಮೆಲ್ಲಗೆ ಓಡುವುದೇ ಸುಲಭವಾಯಿತೇನೋ, ಚಪ್ಪಲಿ ಪಟಪಟ ಎನ್ನತೊಡಗಿತು. ಟೀಚರು ಅಂಗನವಾಡಿಯ ಮೊಟ್ಟೆ ಸುದ್ದಿ ಹೇಳುತ್ತಿದ್ದರು, ಗಿರಣಿಯ ಅಕ್ಕತಂಗಿಯರು ಯಾವುದೋ ಮದುವೆಯ ಬಗ್ಗೆ ಜಗಳ ಮಾಡುತ್ತಿದ್ದರು. ತಾವು ಓಡುತ್ತಿದ್ದೇವೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಅವರ ನಡುವಿನಿಂದ ನನ್ನ ಹೆಂಡತಿ ಮುಂದೆ ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಒಂದು ಕೈಯಲ್ಲಿ ಪಾನಕದ ಬಾಟಲಿ. “ಸಾಕಾದ್ರೆ ನಿಲ್ಸಿ” ಎಂದಳು. ನಾನು ತಲೆ ಅಲ್ಲಾಡಿಸಿದೆ. “ನಿಲ್ಸಿ ಅಂದ್ನಲ್ಲ. ನಂಗೆ ಕ್ಲಾಸೂ ಬೇಡ, ಸೊಸೈಟಿನೂ ಬೇಡ.” ಮತ್ತೆ ತಲೆ ಅಲ್ಲಾಡಿಸಿದೆ. ಬಾಟಲಿ ಇನ್ನೊಂದು ಕೈಗೆ ಬದಲಿಸಿ ನನ್ನ ಪಕ್ಕಕ್ಕೇ ಬಂದಳು. ನಾನು ಏನೂ ಹೇಳುವುದಿಲ್ಲ, ಹೇಳಲು ಆಗುವುದಿಲ್ಲ ಎಂಬುದು ಆಗ ಅವಳಿಗೆ ಹೊಳೆದಿರಬೇಕು.

“ಆ ಶನಿವಾರ ನಿಮ್ಮನ್ನ ರಿಕ್ಷಾದಲ್ಲಿ ತಂದಾಗ ನಿಮ್ಮ ಜೀವ ಹೋಯ್ತು ಅಂತನೇ ಎಣಿಸ್ದೆ” ಎಂದಳು. “ಹುಡುಗಿಗೆ ಬೈದದ್ದು ಸಿಟ್ಟಿಂದಲ್ಲ. ನಂಗೆ ಹೆದ್ರಿಕೆ. ಮೂವತ್ತು ವರ್ಷ ಹೆದ್ರಿಕೆಯಲ್ಲೇ ಇದ್ದೆ. ಬಸ್ಸು ಅರ್ಧ ಗಂಟೆ ತಡ ಆದ್ರೂ ಒಲೆ ಮುಂದೆ ಕೂತು ಹೆದ್ರೂದು. ನೀವು ಬಾಗಿಲಲ್ಲೇ ಮಾತು ಶುರು ಮಾಡ್ತಿದ್ರಿ, ಊಟ ಮುಗಿದ್ರೂ ಮುಗೀತಿರಲಿಲ್ಲ. ನಂಗೂ ಹೇಳೂಕಿತ್ತು. ಯಾವಾಗ ಹೇಳೂದು? ಕುರ್ಚಿ ಮೇಲೆ ಕೂತ್ಕೊಳೂ ಕೆಲ್ಸ ಆದ್ರೆ ಯಾರೂ ಯಾರಿಗೂ ಕಾಯೂದು ಬೇಡ ಅಂತ ಅವಳಿಗೆ ಸೊಸೈಟಿ ಹೇಳ್ದೆ. ಅಷ್ಟೇ. ಬೇರೆ ಎಂತ ಇಲ್ಲ.”

ಒಂದು ಕಿಲೋಮೀಟರ್ ಪೂರ್ತಿ ಮಾತಾಡಿದಳು. ಮದುವೆಯಾದ ಹೊಸತರಲ್ಲಿ ನಾನು ಮರೆತು ಹೋದ ಒಂದು ಹಬ್ಬದ ವಿಷಯ, ಅವಳ ಮಂಡಿಯ ನೋವು, ಮಗ ಮೊದಲ ಸಲ ಕಂಬ ಹತ್ತಿದ ದಿನ ಅವಳು ಊಟ ಮಾಡದೆ ಇದ್ದದ್ದು. ನನಗೆ ಒಂದೂ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದು ರಸ್ತೆ ಮಸುಕಾಯಿತು. ಬೆವರು ಎಂದು ಒರೆಸಿಕೊಂಡೆ.

ನಮ್ಮ ಗೇಟು ಬಂತು. ಗೇಟಿನ ಮುಂದೆ ಸೊಸೆ ನಿಂತಿದ್ದಳು. ನಾನು ಅವಳ ಎದುರು ನಿಂತು ಬಾಯಿಯ ನೀರು ಉಗಿದು ತೋರಿಸಿದೆ. ಐದು ಕಿಲೋಮೀಟರ್ ಆಗಿತ್ತು. ಆದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಏದುಸಿರು ಬಿಡುತ್ತಾ, ಸೀರೆ ಸರಿ ಮಾಡಿಕೊಳ್ಳುತ್ತಾ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾ ನಿಂತಿದ್ದ ಐದು ಹೆಂಗಸರನ್ನು ನೋಡುತ್ತಿದ್ದಳು. ಬಾಯಿ ಖಾಲಿ ಇದ್ದೂ ಏನು ಹೇಳಬೇಕೆಂದು ತಿಳಿಯದೆ ನಿಂತದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಸೊಸೆ ಗೇಟಿಗೆ ಒರಗಿ ಅಳಲು ಶುರುಮಾಡಿದಳು.

ಹೆಂಡತಿ ಪಾನಕದ ಬಾಟಲಿ ನನ್ನ ಕೈಗೆ ತುರುಕಿ ಅವಳ ಹತ್ತಿರ ಹೋದಳು. ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು.

“ಅಳೂದು ಆಮೇಲೆ” ಎಂದಳು. “ಮೊದ್ಲು ಪಟ್ಟಿ ತೆಗಿ. ನನ್ನ ಹೆಸರು ಮೇಲೆ ಬರಿ.”

ಸೊಸೆ ಅಳುತ್ತಲೇ ಬರೆದಳು.